ನಾನು ಮಾಡಿದ ಗುಪ್ತದಾನ

ದಾನಗಳಲ್ಲೆಲ್ಲ ಗುಪ್ತದಾನವೇ ಶ್ರೇಷ್ಠವೆಂದು ಹಿರಿಯರು ಹೇಳುವುದನ್ನು ನಾನು ಬಾಲ್ಯದಿಂದ ಕೇಳುತ್ತ ಬಂದವನು. ಆದರೆ ಕೇಳಿದ್ದನ್ನೆಲ್ಲ ನಡೆಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಷ್ಟೆ. ಹೇಳಿಕೊಳ್ಳತಕ್ಕಂಥ ಗುಪ್ತದಾನವನ್ನು ನಾನು ನನ್ನ ಆಯುಷ್ಯದಲ್ಲಿ ಮಾಡಿದ್ದು ಒಂದೇ ಒಂದು ಸಲ. ಅದರಿಂದ ಪುಣ್ಯ ಬಂದಿತೋ ಇಲ್ಲವೋ ಅರಿಯೆನು. ಹನ್ನೊಂದು ವರ್ಷದ ಒಂದು ಹುಡುಗಿಯ ಮುಂದೆ ತಲೆ ತಗ್ಗಿಸಿ ನಿಲ್ಲುವ ಪ್ರಸಂಗವಂತೂ ಬಂದಿತು. ಆ ಸಂಗತಿಯನ್ನು ಇನ್ನು ಗುಪ್ತವಾಗಿಡದೆ ನಾಲ್ಕು ಜನರ ಮುಂದೆ ಹೇಳಿಬಿಡುವುದೇ ನನಗೆ ಉಳಿದಿರುವ ಪ್ರಾಯಶ್ಚಿತ್ತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದಿನ ದಸರೆಯ ರಜೆಯ ಮಾತು. ನಮ್ಮ ಊರಿನ ಹೊರಭಾಗದಲ್ಲಿ ಅಂಧ ಮಕ್ಕಳ ವಸತಿಶಾಲೆಯೊಂದುಂಟು. ಅಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಉಪಾಧ್ಯಾಯಿನಿಯರೊಬ್ಬರು ಗೊಂಬೆಯ ಆರತಿಗೆಂದು ನಮ್ಮ ಮನೆಗೆ ಬಂದಿದ್ದರು. ಮಾತಿನ ನಡುವೆ ಅವರು, ಶಾಲೆಯ ಹಾರ್ಮೋನಿಯಂನ ತಿದಿ ಹರಿದುಹೋಗಿದೆಯೆಂದೂ, ಮಕ್ಕಳ ಹಾಡಿಗಿಂತ ಅದರ ಏದುಸಿರೇ ಈಚೆಗೆ ಹೆಚ್ಚಾಗಿ ಕೇಳಿಸುತ್ತದೆಂದೂ, ಅದನ್ನು ಸರಿಪಡಿಸಲು ಆರು ನೂರು ರೂಪಾಯಿ ಕೇಳುತ್ತಾರೆಂದೂ ನಗುತ್ತ ಹೇಳಿದರು. ದೊಡ್ಡವರು ಆ ಮಾತನ್ನು ಕೇಳಿ, ಕೋಸಂಬರಿ ತಿಂದು, ಮರೆತರು. ನಮ್ಮ ಮೊಮ್ಮಗಳು ಮರೆಯಲಿಲ್ಲ. ಮಾರನೆಯ ದಿನ ಪಕ್ಕದ ಮನೆಯ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು ನಡುಮನೆಯಲ್ಲಿ ಒಂದು ಸಭೆ ನಡೆಸಿದಳು. ದೀಪಾವಳಿಗೆ ಶುಭಾಶಯ ಪತ್ರಗಳನ್ನು ಕೈಯಾರೆ ಮಾಡಿ ಮಾರುವುದು. ಒಂದಕ್ಕೆ ಹತ್ತು ರೂಪಾಯಿಯಂತೆ ಅರವತ್ತು ಪತ್ರಗಳು. ಅಲ್ಲಿಗೆ ಆರು ನೂರು ರೂಪಾಯಿ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಮುಂದಿನ ಹತ್ತು ದಿನ ನಮ್ಮ ಮನೆಯಲ್ಲಿ ಕಾಲಿಡಲು ಸ್ಥಳವಿಲ್ಲದಂತಾಯಿತು. ಲಗ್ನಪತ್ರಿಕೆ ಅಚ್ಚುಹಾಕುವ ಮುದ್ರಣಾಲಯದಿಂದ ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳು ಬಂದವು. ನನ್ನ ಪತ್ನಿ ಮೈದಾಹಿಟ್ಟಿನ ಅಂಟನ್ನು ಕುದಿಸಿಕೊಟ್ಟಳು. ಹುಳು ಬೀಳದಂತೆ ಅದಕ್ಕೆ ಚೂರು ಮೈಲುತುತ್ತ ಸೇರಿಸಬೇಕೆಂದು, ಪುಸ್ತಕಕ್ಕೆ ರಟ್ಟು ಕಟ್ಟುವವರ ಪದ್ಧತಿಯನ್ನು ನಾನು ಹೇಳಿದೆನು. ಮಕ್ಕಳು ಬೆರಳು ಬಾಯಿಗಿಡುವ ಕಡೆ ವಿಷವನ್ನು ತರಬೇಡಿರೆಂದು ಅವಳು ನನ್ನನ್ನು ಅಲ್ಲಿಂದ ಎಬ್ಬಿಸಿದಳು. ಬಣ್ಣದ ಪೆಟ್ಟಿಗೆಗೆ ಹಣ ಸಾಲದೆ ಮಕ್ಕಳು ಅಡಿಗೆಯ ಮನೆಗೆ ಕೈಹಾಕಿದರು. ರಾಗಿಯಿಂದ ಹಣತೆ, ಸಾಸಿವೆಯಿಂದ ಅದರ ಅಂಚು, ಹೆಸರುಕಾಳಿನಿಂದ ತೋರಣ, ಹಳದಿಯ ದಾರದಿಂದ ದೀಪದ ಕುಡಿ. ಪತ್ನಿಗೆ ಬಟ್ಟೆಯ ಮೇಲೆ ದಾರದ ಹೂ ಹಾಕುವ ಅಭ್ಯಾಸವುಂಟು. ನಮೂನೆಯನ್ನು ಬಟ್ಟೆಗೆ ಇಳಿಸುವ ಮೊದಲು ಕಾಗದದ ಮೇಲೆ ಗೆರೆಗುಂಟ ಸೂಜಿಯಿಂದ ಚುಚ್ಚುವುದು ಅವಳ ಕ್ರಮ. ಅದೇ ಕ್ರಮದಿಂದ ಕೆಲವು ಪತ್ರಗಳ ಮೇಲೆ ಚುಕ್ಕಿ ರಂಗೋಲಿಯನ್ನು ಚುಚ್ಚಿಕೊಟ್ಟಳು. ಹಿಂದಿನಿಂದ ಚುಚ್ಚಿದರೆ ಮುಂದಿನ ಮಗ್ಗುಲಲ್ಲಿ ಚುಕ್ಕೆಗಳು ಉಬ್ಬಿ ನಿಲ್ಲುತ್ತಿದ್ದವು. ನೋಡುವುದಕ್ಕೆ ಅವು ಅಷ್ಟೇನೂ ಎದ್ದುಕಾಣುತ್ತಿರಲಿಲ್ಲ. ಇವು ಮಾರಾಟವಾಗಲಾರವೆಂದು ನಾನು ಮನಸ್ಸಿನಲ್ಲೇ ಎಣಿಸಿದೆನು.

ನನ್ನ ಎಣಿಕೆ ಸರಿಯಾಯಿತು. ಇನ್ನೂ ಹೇಳುವುದಾದರೆ, ಬೇಕಾದುದಕ್ಕಿಂತ ಹೆಚ್ಚು ಸರಿಯಾಯಿತು. ಬಂಧುಗಳು ಹದಿನಾಲ್ಕು ಪತ್ರಗಳನ್ನು ಕೊಂಡರು. ಬೀದಿಯವರು ಏಳನ್ನು ಕೊಂಡರು. ಅಂಗಡಿಯವರೊಬ್ಬರು ಹತ್ತು ರೂಪಾಯಿ ಕೊಟ್ಟು, ಪತ್ರ ಬೇಡವೆಂದರು. ಮೊಮ್ಮಗಳು ಆ ಹಣವನ್ನು ಹಿಂದಕ್ಕೆ ಕೊಟ್ಟು ಬಂದಳು. ಅವಳು ಹಾಗೇಕೆ ಮಾಡಿದಳೆಂಬುದು ಆಗ ನನಗೆ ಅರ್ಥವಾಗಲಿಲ್ಲ, ಹಟಮಾರಿತನವೆಂದುಕೊಂಡೆನು. ಒಂದು ಕಚೇರಿಯಲ್ಲಿ ನಾಳೆ ಬಾ ಎಂದರು. ನಾಳೆ ಹೋದರೆ ಮತ್ತೆ ನಾಳೆ ಬಾ ಎಂದರು. ಈಗ ಎಲ್ಲರೂ ಕೈಯಲ್ಲಿರುವ ಫೋನಿನಲ್ಲಿಯೇ ನೂರು ಜನರಿಗೆ ಒಂದೇ ದೀಪದ ಚಿತ್ರವನ್ನು ಒಂದು ಕ್ಷಣದಲ್ಲಿ ಕಳುಹಿಸುತ್ತಾರೆ. ಹತ್ತು ರೂಪಾಯಿಯ ರಾಗಿಯ ಹಣತೆಯನ್ನು ಕೊಂಡು, ವಿಳಾಸ ಬರೆದು, ಅಂಚೆಚೀಟಿ ಹಚ್ಚುವ ವ್ಯವಧಾನ ಯಾರಿಗಿದೆ? ನರಕಚತುರ್ದಶಿಗೆ ಮೂರು ದಿನವಿರುವಾಗ ಮೂವತ್ತೊಂಬತ್ತು ಪತ್ರಗಳು ಹಾಗೆಯೇ ಉಳಿದಿದ್ದವು. ಹುಡುಗಿ ಊಟಕ್ಕೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದಳು.

ಆ ರಾತ್ರಿ ನನಗೆ ಗುಪ್ತದಾನದ ಯೋಚನೆ ಹೊಳೆಯಿತು. ನನ್ನ ಮಿತ್ರರಾದ ವೈದ್ಯರೊಬ್ಬರ ಕೈಗೆ ಮುನ್ನೂರ ತೊಂಬತ್ತು ರೂಪಾಯಿಗಳನ್ನು ಕೊಟ್ಟು, ತಮ್ಮ ರೋಗಿಗಳಿಗೆ ಹಂಚಲೆಂದು ಹೇಳಿ ಉಳಿದ ಪತ್ರಗಳನ್ನೆಲ್ಲ ಕೊಂಡುಕೊಳ್ಳಬೇಕೆಂದು ಬೇಡಿಕೊಂಡೆನು. ಅವರು ನಟನೆಯನ್ನು ಚೆನ್ನಾಗಿಯೇ ಮಾಡಿದರು. ಮಾರನೆಯ ಸಂಜೆ ಪತ್ರಗಳ ಕಟ್ಟನ್ನು ನನಗೆ ಒಪ್ಪಿಸಿದರು. ನಾನು ಅದನ್ನು ಪೆಟ್ಟಿಗೆಯಲ್ಲಿ ಹಳೆಯ ಮಾಸಪತ್ರಿಕೆಗಳ ಅಡಿಯಲ್ಲಿ ಹುಗಿದಿಟ್ಟೆನು. ಮೊಮ್ಮಗಳು ಆ ರಾತ್ರಿ ಎರಡು ಹೋಳಿಗೆ ಹೆಚ್ಚಾಗಿ ತಿಂದಳು. ನಾನು ಬಹಳ ಸುಖವಾಗಿ ನಿದ್ರೆಮಾಡಿದೆನು.

ಹಣವನ್ನು ಕೊಡಲು ನಾವೆಲ್ಲರೂ ಶಾಲೆಗೆ ಹೋದೆವು. ಅಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಮೊಮ್ಮಗಳು ತೋರಿಸುವುದಕ್ಕೆಂದು ತಾನು ಮೊದಲು ಪರೀಕ್ಷೆಗೆ ಮಾಡಿನೋಡಿದ್ದ ಪತ್ರವೊಂದನ್ನು ಕೈಯಲ್ಲಿ ಹಿಡಿದಿದ್ದಳು. ಅವಳದೇ ವಯಸ್ಸಿನ ಹುಡುಗನೊಬ್ಬನು ಅದನ್ನು ಕೇಳಿ ತೆಗೆದುಕೊಂಡು, ರಾಗಿಯ ಹಣತೆಯ ಮೇಲೆ ಬೆರಳಾಡಿಸಿದನು.

“ಇದು ದೀಪ. ಕೆಳಗೆ ಏನು ಬರೆದಿದೆ?” ಎಂದು ಕೇಳಿದನು.

“ದೀಪಾವಳಿಯ ಶುಭಾಶಯಗಳು ಅಂತ.”

“ಯಾರಿಗೆ?”

ಹುಡುಗಿ ಸುಮ್ಮನಾದಳು. ಅದು ಯಾರಿಗೂ ಅಲ್ಲ. ಕೊಂಡವರು ಯಾರಿಗೆ ಕಳುಹಿಸುತ್ತಾರೋ ಅವರಿಗೆ. ಹುಡುಗನು ಪತ್ರವನ್ನು ಹಿಂದಕ್ಕೆ ಕೊಟ್ಟನು. ಅವಳೂ ತೆಗೆದುಕೊಂಡಳು. ಅದು ಮಾದರಿಯ ಪತ್ರವಾದುದರಿಂದ ಅವನಿಗೇ ಕೊಟ್ಟುಬಿಡಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಹೀಗೆ ಐದು ತಿಂಗಳು ಕಳೆದವು. ಯುಗಾದಿಗೆ ಮನೆ ಸಾರಿಸಿ ಒಪ್ಪಮಾಡುವಾಗ ಪೆಟ್ಟಿಗೆಗಳು ಹೊರಕ್ಕೆ ಬಂದವು. ನಾನು ಆಗ ಪೇಟೆಗೆ ಹೋಗಿದ್ದೆನು. ಹಿಂತಿರುಗಿ ಬಂದಾಗ ಮೊಮ್ಮಗಳು ಜಗುಲಿಯಲ್ಲಿ ಮೂವತ್ತೊಂಬತ್ತು ಪತ್ರಗಳನ್ನು ಸಾಲಾಗಿ ಹರಡಿಕೊಂಡು ಕುಳಿತಿದ್ದಳು.

“ತಾತ, ಇವು ಡಾಕ್ಟರ ಹತ್ತಿರ ಇರಲಿಲ್ಲವೆ?” ಎಂದಳು.

ನಾನು ಏನೋ ಹೇಳಹೊರಟು ನಿಲ್ಲಿಸಿದೆನು. ಸುಳ್ಳು ಹೇಳಲು ಸಮಯ ಮೀರಿತ್ತು. ನಡೆದುದನ್ನು ಹೇಳಿದೆನು. ಹಾರ್ಮೋನಿಯಂ ದುರಸ್ತಾಯಿತಲ್ಲ ಮಗು, ಹಣ ಸೇರಬೇಕಾದ ಕಡೆ ಸೇರಿತಲ್ಲ ಎಂದೂ ಸೇರಿಸಿದೆನು.

“ಅಷ್ಟೇ ಆಗಿದ್ದರೆ ನೀವೇ ಮೊದಲೇ ಕೊಡಬಹುದಾಗಿತ್ತು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮ ಕಾರ್ಡು ಯಾರಿಗೂ ಬೇಕಾಗಿರಲಿಲ್ಲ” ಎಂದು ಮೆಲ್ಲನೆ ಹೇಳಿ ಒಳಕ್ಕೆ ಹೋದಳು. ಅತ್ತಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಅವಳು ಅಳಲಿಲ್ಲ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಲೆಕ್ಕದಂತೆ ನೋಡಿದರೆ ಹುಡುಗಿಯ ಮಾತು ಸರಿಯೇ. ಕಾಗದ, ಬಣ್ಣ, ದಾರ, ಅಂಟು, ಕಾಳು ಇವುಗಳಿಗೆಲ್ಲ ನೂರೈವತ್ತು ರೂಪಾಯಿಗಳಾದರೂ ಆಗಿದ್ದಿತು. ಅದನ್ನು ಕೊಟ್ಟವನೂ ನಾನೇ. ಮೂವರು ಮಕ್ಕಳ ಹತ್ತು ದಿನಗಳ ದುಡಿಮೆಗೆ ಬೆಲೆ ಕಟ್ಟುವವರಿಲ್ಲ. ದಾನವೆಂದರೆ ಹಣವೇ ಆದ ಪಕ್ಷಕ್ಕೆ, ಆರತಿಯ ದಿನವೇ ಆರು ನೂರು ರೂಪಾಯಿ ಎಣಿಸಿ ಕೊಟ್ಟಿದ್ದರೆ ಹಾರ್ಮೋನಿಯಂ ಒಂದು ತಿಂಗಳು ಮೊದಲೇ ಹಾಡುತ್ತಿತ್ತು. ಹಾಗಾದರೆ ಈ ಪತ್ರಗಳ ಗೊಡವೆ ಏತಕ್ಕೆ?

ಈ ಪ್ರಶ್ನೆ ನನ್ನೊಬ್ಬನದೇ ಅಲ್ಲ. ಹಬ್ಬದ ಶುಭಾಶಯಕ್ಕೂ ಪರೋಪಕಾರಕ್ಕೂ ಗಂಟು ಬಿದ್ದು ಬಹುಕಾಲವಾಯಿತು. ಇಂಗ್ಲೆಂಡಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಎಂಬವರು, ಕ್ರಿಸ್ಮಸ್ಸಿಗೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯಲು ಬಿಡುವಿಲ್ಲದೆ, ಜಾನ್ ಕಾಲ್‌ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಯಿಸಿ ಅಚ್ಚುಹಾಕಿಸಿದರು. ಅಚ್ಚಾದ ಕ್ರಿಸ್ಮಸ್ ಪತ್ರಗಳಿಗೆ ಅದೇ ಮೊದಲೆಂದು ಹೇಳುತ್ತಾರೆ. ಬೆಲೆ ಒಂದು ಶಿಲ್ಲಿಂಗು; ಆ ಕಾಲಕ್ಕೆ ಅದು ದುಬಾರಿ. ಚಿತ್ರದ ನಡುವೆ ಒಂದು ಕುಟುಂಬವು ಹಬ್ಬದ ಮೇಜಿನ ಸುತ್ತ ಕುಳಿತಿದೆ. ಅದರ ಎರಡು ಮಗ್ಗುಲುಗಳಲ್ಲಿ ಹಸಿದವರಿಗೆ ಅನ್ನ ಕೊಡುವ ಮತ್ತು ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುವ ಚಿತ್ರಗಳಿವೆ. ನಡುವಿನವರು ಉಣ್ಣುವಾಗ ಬದಿಯವರನ್ನು ಮರೆಯಬಾರದೆಂಬುದು ಅದರ ಅಭಿಪ್ರಾಯ. ಆದರೆ ನಡುವಿನವರು ನಡುವೆಯೇ ಇದ್ದಾರೆ, ಬದಿಯವರು ಬದಿಯಲ್ಲಿಯೇ ಇದ್ದಾರೆ. ಅನ್ನ ಬದಿಯವರಿಗೆ, ಶುಭಾಶಯ ಮಾತ್ರ ಪತ್ರವನ್ನು ಕೊಂಡು ಕಳುಹಿಸುವವರೊಳಗೇ.

ಡೆನ್ಮಾರ್ಕಿನ ಅಂಚೆಯ ನೌಕರ ಐನಾರ್ ಹೋಲ್‌ಬೋಲ್ ಎಂಬವರಿಗೆ ಹಬ್ಬದ ಕಾಗದಗಳ ರಾಶಿಯ ನಡುವೆ ಕೆಲಸ ಮಾಡುವಾಗ ಇನ್ನೊಂದು ಉಪಾಯ ಹೊಳೆಯಿತು. ಪ್ರತಿಯೊಂದು ಕಾಗದದ ಮೇಲೂ ಅಂಚೆಚೀಟಿಯ ಜೊತೆಗೆ ಚಿಕ್ಕದೊಂದು ಚೀಟಿಯನ್ನು ಜನರು ಕೊಂಡು ಹಚ್ಚಿದರೆ, ಆ ಹಣವನ್ನು ಕ್ಷಯರೋಗದಿಂದ ನರಳುವ ಮಕ್ಕಳಿಗೆ ಉಪಯೋಗಿಸಬಹುದಲ್ಲವೆ? 1904ರ ಕ್ರಿಸ್ಮಸ್ಸಿನಲ್ಲಿ ಅಂಥ ಚೀಟಿಗಳು ಮೊದಲು ಹೊರಟು, ಆ ಒಂದು ವರ್ಷದಲ್ಲಿಯೇ ನಲವತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ನಮ್ಮ ದೇಶದಲ್ಲಿಯೂ ಕ್ಷಯನಿವಾರಣೆಯ ಚೀಟಿಗಳ ಮಾರಾಟವು 1950ರಲ್ಲಿ ಮೊದಲಾಯಿತು. ಬಾಲ್ಯದಲ್ಲಿ ಶಾಲೆಗೆ ಅವು ಬಂದಾಗ, ಉಪಾಧ್ಯಾಯರ ಭಯಕ್ಕೆ ಕೊಂಡು ಪುಸ್ತಕದ ಮೇಲೆ ಅಂಟಿಸಿಕೊಂಡದ್ದು ನನಗೆ ನೆನಪಿದೆ. ಅದರಿಂದ ಔಷಧಕ್ಕೆ ಹಣವಾಗಿರಬೇಕು. ಹಣವಾಗುವುದೇನು ಸಣ್ಣ ಮಾತಲ್ಲ. ಆದರೆ ರೋಗಿಯೊಬ್ಬನ ಮುಖವು ನಮ್ಮಲ್ಲಿ ಯಾರ ಮನಸ್ಸಿಗೂ ಬಂದಿರಲಿಲ್ಲ.

ಈ ಎರಡು ಕಥೆಗಳಿಗಿಂತ ಬೇರೆಯಾದುದು ಇನ್ನೊಂದುಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಹಳ್ಳಿಯೊಂದಕ್ಕೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯಿಂದ, ಎಂದರೆ ಯುನಿಸೆಫ್‌ನಿಂದ, ಸಹಾಯ ಬಂದಿತು. ಅಲ್ಲಿಯ ಯಿಟ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಹುಡುಗಿ ಅದಕ್ಕೆ ಕೃತಜ್ಞತೆಯಾಗಿ ಒಂದು ಚಿತ್ರ ಬರೆದಳು. ಕಾಗದ ದೊರೆಯದೆ ಗಾಜಿನ ತುಂಡಿನ ಮೇಲೆ ಬರೆದಳಂತೆ. ಹಬ್ಬದ ಕಂಬದ ಸುತ್ತ ಮಕ್ಕಳು ಕುಣಿಯುತ್ತಿರುವ ಚಿತ್ರ ಅದು. ಯುನಿಸೆಫ್ 1949ರಲ್ಲಿ ಆ ಚಿತ್ರವನ್ನು ತನ್ನ ಮೊದಲನೆಯ ಶುಭಾಶಯ ಪತ್ರವನ್ನಾಗಿ ಮಾಡಿತು. ಮುಂದೆ ಅಂಥ ಪತ್ರಗಳ ಮಾರಾಟವು ಜಗತ್ತಿನ ಮಕ್ಕಳಿಗಾಗಿ ಹಣ ಕೂಡಿಸುವ ದೊಡ್ಡ ದಾರಿಯಾಯಿತು. ಇಲ್ಲಿ ಚಿತ್ರ ಬರೆದವಳು ದಾನ ಕೊಟ್ಟವಳಲ್ಲ, ಪಡೆದವಳು. ಪಡೆದವಳು ಕೊಟ್ಟವರನ್ನು ಕುರಿತು ಮಾತನಾಡಿದ್ದರಿಂದ ಆ ಪತ್ರ ಹುಟ್ಟಿತು. ನಮ್ಮ ನಡುಮನೆಯ ವ್ಯಾಪಾರದಲ್ಲಿ ಇಲ್ಲದಿದ್ದುದು ಇದೇ ಎಂದು ನನಗೆ ಆ ರಾತ್ರಿ ತೋರಿತು. ಶಾಲೆಯ ಮಕ್ಕಳಿಗಾಗಿ ಅರವತ್ತು ಪತ್ರಗಳನ್ನು ಮಾಡಿದೆವು. ಅವರಿಗೆ ಒಂದನ್ನೂ ಬರೆಯಲಿಲ್ಲ. “ಯಾರಿಗೆ?” ಎಂದು ಆ ಹುಡುಗನು ಕೇಳಿದ್ದನಷ್ಟೆ. ಅದೊಂದು ಕಾಗದಕ್ಕೆ ಕೇಳಲೇಬೇಕಾದ ಮೊದಲ ಪ್ರಶ್ನೆ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಇದನ್ನು ಪತ್ನಿಗೆ ಹೇಳಿದೆನು. ಅವಳು, “ಇದಕ್ಕೆ ರಾತ್ರಿಯೆಲ್ಲ ಎಚ್ಚರವಾಗಿರಬೇಕಾಗಿತ್ತೆ? ನಿನ್ನೆಯೇ ಮಗುವಿಗೆ ಹೇಳಿದ್ದೇನೆ. ಇವತ್ತು ಶಾಲೆಗೆ ಹೋಗುತ್ತಿದ್ದೇವೆ. ಬೇಕಾದರೆ ನೀವೂ ಬನ್ನಿ” ಎಂದಳು.

ಶಾಲೆಯಲ್ಲಿ ನಲವತ್ತಾರು ಮಕ್ಕಳಿದ್ದರು. ಪ್ರತಿಯೊಬ್ಬರಿಗೂ ಒಂದೊಂದು ಪತ್ರ, ಅವರವರ ಹೆಸರು ಬರೆದು, ಅವರೇ ಓದುವಂತೆ ಬ್ರೈಲ್ ಲಿಪಿಯಲ್ಲಿ. ಅದನ್ನು ಕಲಿಸಿಕೊಡಲು ಸಂಗೀತದ ಉಪಾಧ್ಯಾಯಿನಿಯವರು ಒಪ್ಪಿದರು. ಲೂಯಿ ಬ್ರೈಲ್‌ರು ಹುಟ್ಟಿದ್ದು 1809ರಲ್ಲಿ, ಪ್ಯಾರಿಸಿನ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಕುದುರೆಯ ಜೀನುಗಳನ್ನು ಹೊಲಿಯುವವರು. ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಕೆಲಸದ ಕೋಣೆಯಲ್ಲಿ ಚೂಪಾದ ಉಪಕರಣ ತಗುಲಿ ಒಂದು ಕಣ್ಣು ಹೋಯಿತು. ಅದರ ನಂಜಿನಿಂದ ಇನ್ನೊಂದೂ ಹೋಯಿತು. ಮುಂದೆ ಅವರು ಆರು ಚುಕ್ಕೆಗಳಿಂದ ಎಲ್ಲ ಅಕ್ಷರಗಳನ್ನೂ ಕಟ್ಟಿ 1829ರಲ್ಲಿ ಪ್ರಕಟಿಸಿದರು. ಆ ಲಿಪಿಯನ್ನು ಬರೆಯುವ ಕಡ್ಡಿಯೂ ಚಮ್ಮಾರರ ದಬ್ಬಳದಂಥ ಚೂಪಾದ ವಸ್ತುವೇ. ದಪ್ಪ ಕಾಗದವನ್ನು ಮನೆಮನೆಯಾಗಿ ಕೊರೆದ ಪಟ್ಟಿಯ ನಡುವೆ ಇಟ್ಟು, ಹಿಂದಿನಿಂದ ಚುಚ್ಚಬೇಕು. ಮುಂದಿನಿಂದ ಎಡದಿಂದ ಬಲಕ್ಕೆ ಓದಬೇಕಾದುದರಿಂದ, ಹಿಂದಿನಿಂದ ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯಬೇಕು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ನಿಶ್ಚಿತವಾಯಿತು. ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಅದರಲ್ಲಿ ಚುಕ್ಕೆಗಳು ಒಂದೇ.

ನನ್ನ ಪತ್ನಿಗೆ ಇದೆಲ್ಲ ಹೊಸದೆನಿಸಲಿಲ್ಲ. ಹಿಂದಿನಿಂದ ಚುಚ್ಚಿ ಮುಂದಿನಿಂದ ನೋಡುವುದು ಅವಳು ನಲವತ್ತು ವರ್ಷ ಮಾಡಿದ ಕೆಲಸವೇ. ಅವಳು ಚುಚ್ಚಿದ ರಂಗೋಲಿಯ ಪತ್ರಗಳು, ಮಾರಾಟವಾಗಲಾರವೆಂದು ನಾನು ಎಣಿಸಿದ್ದ ಆ ಪತ್ರಗಳೇ, ಅಲ್ಲಿಯ ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾದವು. ದಿನವೂ ಬಾಗಿಲಲ್ಲಿ ಕಾಲಿಗೆ ಸಿಕ್ಕುತ್ತಿದ್ದ ರಂಗೋಲಿ ಎಂಥದೆಂದು ಒಬ್ಬ ಹುಡುಗಿ ಅಂದು ಮೊದಲ ಸಲ ಬೆರಳಿನಿಂದ ಪೂರ್ತಿಯಾಗಿ ಸುತ್ತಿ ಬಂದಳು. ಗೆರೆ ಎಲ್ಲಿಯೂ ತುಂಡಾಗದೆ ಹೊರಟಲ್ಲಿಗೇ ಬಂದು ಸೇರಿದುದನ್ನು ಕಂಡು ಮತ್ತೆ ಮೊದಲಿನಿಂದ ಆರಂಭಿಸಿದಳು.

ಮೂವತ್ತೊಂಬತ್ತು ಪತ್ರಗಳಿದ್ದವು, ನಲವತ್ತಾರು ಬೇಕು. ಉಳಿದ ಏಳರಲ್ಲಿ ಒಂದನ್ನು ನಾನೇ ಮಾಡಬೇಕೆಂದು ಮೊಮ್ಮಗಳು ವಿಧಿಸಿದಳು. ಅರವತ್ತು ಪತ್ರಗಳು ನನ್ನ ಕಣ್ಣೆದುರಿಗೇ ಸಿದ್ಧವಾಗಿದ್ದರೂ ಅದು ಎಷ್ಟು ಕಷ್ಟವೆಂಬುದು ನನಗೆ ತಿಳಿದಿರಲಿಲ್ಲ. ಅಂಟು ಹೆಚ್ಚಾದರೆ ಕಾಗದ ಸೊಟ್ಟಗಾಗುತ್ತದೆ. ಕಡಿಮೆಯಾದರೆ ರಾಗಿ ನಿಲ್ಲುವುದಿಲ್ಲ. ಒಂದು ಮಾವಿನೆಲೆಯ ತೋರಣಕ್ಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಆ ಮಧ್ಯಾಹ್ನವೆಲ್ಲ, ಈ ಪತ್ರವನ್ನು ಮುಟ್ಟುವ ಮಗು ಯಾವುದು, ಎಲೆಯ ತುದಿ ಅದಕ್ಕೆ ತಿಳಿಯುವುದೋ ಇಲ್ಲವೋ ಎಂಬ ಯೋಚನೆಯಲ್ಲದೆ ಬೇರೆ ಯೋಚನೆ ನನಗೆ ಬರಲಿಲ್ಲ. ಮುನ್ನೂರ ತೊಂಬತ್ತು ರೂಪಾಯಿ ಎಣಿಸಿಕೊಟ್ಟಾಗ ನಾನು ಅಂಥ ಒಂದು ಯೋಚನೆಯನ್ನೂ ಮಾಡಿರಲಿಲ್ಲ. ಅಂಗಡಿಯವರ ಹತ್ತು ರೂಪಾಯಿಯನ್ನು ಹುಡುಗಿ ಏಕೆ ಹಿಂದಕ್ಕೆ ಕೊಟ್ಟಳೆಂಬುದೂ ಆಗ ತಿಳಿಯಿತು. ಅವಳು ಬೇಡಲು ಹೋಗಿರಲಿಲ್ಲ, ಕೊಡಲು ಹೋಗಿದ್ದಳು.

ಯುಗಾದಿಯ ಮಾರನೆಯ ದಿನ ಪತ್ರಗಳನ್ನು ಹಂಚಿದೆವು. ಹಬ್ಬ ಯುಗಾದಿ, ಪತ್ರದಲ್ಲಿ ದೀಪಾವಳಿಯ ಹಣತೆ ಎಂದು ಮಕ್ಕಳು ನಕ್ಕರು. ಅಂದು “ಯಾರಿಗೆ?” ಎಂದು ಕೇಳಿದ್ದ ಹುಡುಗನು ತನ್ನ ಪತ್ರದ ಮೇಲೆ ಬೆರಳೋಡಿಸಿ, “ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಆದರೆ ನನಗೇ” ಎಂದನು. ಮೊಮ್ಮಗಳ ಮುಖವನ್ನು ನಾನು ಆಗ ನೋಡಿದೆನು. ಐದು ತಿಂಗಳ ಹಿಂದೆ ಹೋಳಿಗೆ ತಿಂದ ರಾತ್ರಿಯ ಮುಖ ಅದಲ್ಲ, ಅದಕ್ಕಿಂತ ಗಂಭೀರವಾಗಿತ್ತು.

ಹತ್ತು ಹನ್ನೆರಡು ದಿನಗಳ ಮೇಲೆ ನಮ್ಮ ಮನೆಗೆ ಒಂದು ಲಕೋಟೆ ಬಂದಿತು. ಅದರ ಮೇಲೆ ಅಂಚೆಚೀಟಿ ಇರಲಿಲ್ಲ. ಅಂಧರ ಲಿಪಿಯ ಬರಹಕ್ಕೆ ಅಂಚೆಯವರು ಶುಲ್ಕ ತೆಗೆದುಕೊಳ್ಳುವುದಿಲ್ಲವೆಂದು ಅಂಚೆಯವನೇ ಹೇಳಿದನು. ಒಳಗೆ ದಪ್ಪ ಕಾಗದದ ಮೇಲೆ ನಾಲ್ಕು ಸಾಲು ಚುಕ್ಕೆಗಳು. ಮೊಮ್ಮಗಳು ಪಟವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಬಿಡಿಸಿ ಓದಿದಳು. ಹಾರ್ಮೋನಿಯಂ ಚೆನ್ನಾಗಿದೆ. ಹೆಸರಿನ ತಪ್ಪನ್ನು ತಿದ್ದಿಕೊಳ್ಳುವ ಬಗೆ ಹೀಗೆ. ತಾತನವರು ಮಾಡಿದ ಪತ್ರದಿಂದ ರಾಗಿ ಉದುರಿ ಇರುವೆ ಬಂದಿವೆ. ಮುಂದಿನ ಸಲ ಅವರಿಗೆ ದಾರದ ಕೆಲಸ ಕೊಡುವುದು ಒಳ್ಳೆಯದು.

ಹುಡುಗಿ ಈಗ ದೊಡ್ಡವಳಾಗಿ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ, ಹಳೆಯ ಮಾಸಪತ್ರಿಕೆಗಳ ಮೇಲೆ, ಅಡಿಯಲ್ಲಲ್ಲ. ಗುಪ್ತದಾನ ಶ್ರೇಷ್ಠವೆಂದ ಹಿರಿಯರನ್ನು ಅಲ್ಲಗಳೆಯುವಷ್ಟು ದೊಡ್ಡವನು ನಾನಲ್ಲ. ಕೊಟ್ಟವನು ತನ್ನ ಹೆಸರನ್ನು ಮರೆಸಿಕೊಳ್ಳಲಿ ಎಂದು ಅವರು ಹೇಳಿದರು. ಪಡೆಯುವವನ ಹೆಸರನ್ನು ಮರೆಯಲಿ ಎಂದು ಹೇಳಲಿಲ್ಲ. ನಾನು ಈ ಎರಡನ್ನೂ ಒಂದೆಂದು ತಿಳಿದಿದ್ದೆನು. ಅಷ್ಟರಮಟ್ಟಿಗೆ ನನ್ನ ಓದು ತಪ್ಪಾಗಿತ್ತು. ಈಗ ಪ್ರತಿ ದಸರೆಯ ರಜೆಯಲ್ಲಿಯೂ ನಾನು ದಾರದ ಕೆಲಸವನ್ನು ಕಲಿಯುತ್ತಿದ್ದೇನೆ.